ಡ್ರಾಫ್ಟ್ ಶನಿವಾರ ಟಿವಿಗೆ ಸೌಂಡ್ ಹಾಕುವ ಬಾರ್

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಅಡುಗೆಮನೆಯ ಕರಿಯುವ ಎಣ್ಣೆಯಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಸನ್ನಿವೇಲ್ ಕಡೆ ಟಿವಿ ಇರುವ ಬಾರ್‌ಗಳಿಗೇನೂ ಬರ ಇಲ್ಲ. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್ ಪಂದ್ಯದ ದಿನ ಎಲ್ಲೆಲ್ಲೂ ಕೆಂಪು ಜರ್ಸಿ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತು ನಡೆಯುವ ಗುರುವಾರ ಸಂಜೆಯೂ ಜಾಗ ಸಿಗುವುದಿಲ್ಲ. ಆದರೆ ನಾಲ್ಕರಿಂದ ಏಳನೇ ಸುತ್ತಿನವರೆಗೆ ನಡೆಯುವ ಶನಿವಾರ? ಆ ದಿನ ನಾನು ಮೂರು ಕಡೆ ಹೋಗಿ ನೋಡಿದ್ದೇನೆ. ಒಂದು ಕಡೆ ಬಾಸ್ಕೆಟ್‌ಬಾಲ್ ಹಾಕಿದ್ದರು. ಇನ್ನೊಂದು ಕಡೆ ಡ್ರಾಫ್ಟ್ ಹಾಕಿ, ಸೌಂಡ್ ತೆಗೆದು, ಮೇಲೆ ಹಾಡು ಬಿಟ್ಟಿದ್ದರು. ಮೂರನೆಯದು ಬಾಗಿಲೇ ತೆಗೆದಿರಲಿಲ್ಲ. ಪೂರ್ವದವರಿಗೆ ಮಧ್ಯಾಹ್ನ ಹನ್ನೆರಡು ಅಂದರೆ ನಮಗೆ ಬೆಳಗ್ಗೆ ಒಂಬತ್ತು, ಅಲ್ವಾ? ಅಷ್ಟು ಹೊತ್ತಿಗೆ ಯಾವ ಬಾರ್ ತೆಗೆಯುತ್ತಾರೆ?

ಈ ಬಾರಿನವರು ತೆಗೆಯುತ್ತಾರೆ. ಎಂಟೂವರೆಗೆ ಬಾಗಿಲು ತೆಗೆದು, ಕಾಫಿ ಇಟ್ಟು, ಸೌಂಡ್ ಹಾಕಿ, ಏಳನೇ ಸುತ್ತಿನ ಕೊನೆಯ ಹೆಸರು ಬರುವವರೆಗೆ ಚಾನೆಲ್ ಮುಟ್ಟುವುದಿಲ್ಲ. ಎಲ್ ಕಮೀನೊ ರಸ್ತೆಯಲ್ಲಿ ಇಷ್ಟು ಸಿಕ್ಕರೆ ನನಗೆ ಸಾಕು.

ಡ್ರಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಐಪಿಎಲ್ ಹರಾಜಿನಲ್ಲಿ ಜಾಸ್ತಿ ದುಡ್ಡು ಕೂಗಿದವರಿಗೆ ಆಟಗಾರ. ಇಲ್ಲಿ ಕೂಗುವುದಿಲ್ಲ, ಸರದಿ ಇದೆ. ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. 32 ತಂಡ, ಏಳು ಸುತ್ತು. 2025ರಲ್ಲಿ ಒಟ್ಟು 257 ಆಯ್ಕೆ. ಕಾಲೇಜು ತಂಡಗಳಲ್ಲಿ ಆಡಿದ ಹುಡುಗರು ತಮ್ಮ ಹೆಸರು ಯಾವಾಗ ಬರುತ್ತದೋ ಅಂತ ಮನೆಯಲ್ಲಿ ಫೋನ್ ಮುಂದೆ ಕೂತಿರುತ್ತಾರೆ. ಎಲ್ಲರಿಗಿಂತ ಕೊನೆಗೆ ಬಂದವನಿಗೆ 'ಮಿಸ್ಟರ್ ಇರ್ರೆಲೆವೆಂಟ್' ಅಂತ ಹೆಸರು. ನಮ್ಮ ಹಾಸನದ ಕಡೆ ಮಕ್ಕಳು ಆಡುವಾಗ ಚಿಕ್ಕವನನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ, ಹಾಗೆ.

2022ರಲ್ಲಿ 262ನೇ ಆಯ್ಕೆಯಾಗಿ ಹಾಗೆ ನಮ್ಮ ತಂಡಕ್ಕೆ ಬಂದವನು ಬ್ರಾಕ್ ಪರ್ಡಿ. ಆ ವರ್ಷ ಡಿಸೆಂಬರ್ 4ರಂದು ಮಯಾಮಿ ವಿರುದ್ಧ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಗರಾಪೊಲೊ ಕಾಲಿಗೆ ಪೆಟ್ಟಾಗಿ ಹೊರಗೆ ಹೋದಾಗ ಈ ಹುಡುಗ ಒಳಗೆ ಬಂದ. ನಾನು, ಮಗಳು ಮನೆಯಲ್ಲಿ ನೋಡುತ್ತಿದ್ದೆವು. ಗೆದ್ದೆವು. ಅವನು ಮುಂದಿನ ವರ್ಷವೇ ತಂಡವನ್ನು ಸೂಪರ್ ಬೌಲ್‌ಗೆ, ಅಂದರೆ ಫೈನಲ್‌ಗೆ, ಕರೆದುಕೊಂಡು ಹೋದ. 2025ರ ಮೇ ತಿಂಗಳಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಆಯಿತು. ಮಯಾಮಿ ಪಂದ್ಯದ ದಿನವೇ ನಾನು ಶನಿವಾರದ ಸುತ್ತುಗಳನ್ನು ಬಿಡಬಾರದು ಅಂತ ತೀರ್ಮಾನ ಮಾಡಿದೆ. 2023ರಿಂದ ಮೂರು ಏಪ್ರಿಲ್ ಇಲ್ಲಿಗೇ ಬಂದಿದ್ದೇನೆ.

ಈ ಜಾಗದ ನಿಜವಾದ ಆಸ್ತಿ ಒಳಗಿನ ಗೋಡೆ. 2017ರಿಂದ ಪ್ರತಿ ವರ್ಷದ ಬಿಳಿ ಬೋರ್ಡನ್ನು ಮಾಲೀಕರು ಅಳಿಸದೆ ಹಾಗೇ ನೇತು ಹಾಕಿದ್ದಾರೆ. ಹೆಸರು ಬಂದ ಕೂಡಲೇ ನಂಬರ್ ಸಮೇತ ಬರೆಯುತ್ತಾರೆ. ಸೀಸನ್ ಶುರುವಾಗುವಾಗ ಆ ಹುಡುಗ 53 ಜನರ ತಂಡದಲ್ಲಿ ಇರುತ್ತಾನೆ ಅಂತ ಅನ್ನಿಸಿದವರು ಪಕ್ಕದಲ್ಲಿ ಒಂದು ಗೆರೆ ಹಾಕಬೇಕು, ಗೆರೆ ಕೆಳಗೆ ತಮ್ಮ ಹೆಸರಿನ ಮೊದಲ ಅಕ್ಷರ. 2022ರ ಬೋರ್ಡಿನಲ್ಲಿ ಕೊನೆಯ ಸಾಲು ನೋಡಿ. ಪರ್ಡಿ ಪಕ್ಕದಲ್ಲಿ ಎರಡೇ ಗೆರೆ. ಅದರಲ್ಲಿ ಒಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗನದು. ಅವನು ಈಗಲೂ ಅದನ್ನು ಎಲ್ಲರಿಗೂ ತೋರಿಸುತ್ತಾನೆ, ತೋರಿಸಲಿ.

ಬೋರ್ಡ್ ಇರುವುದರಿಂದ ಇಲ್ಲಿ ವಾದಕ್ಕೆ ಬೆಲೆ ಇದೆ. ಸುಮ್ನೆ ಕೂಗಿದರೆ ಆಗುವುದಿಲ್ಲ. 2025ರ ಏಪ್ರಿಲ್ 26ರಂದು 147ನೇ ಆಯ್ಕೆಯಾಗಿ ಆರೆಗನ್‌ನ ಜಾರ್ಡನ್ ಜೇಮ್ಸ್ ಹೆಸರು ಬಂತು. ಓಡುವ ಆಟಗಾರ, ರನ್ನಿಂಗ್ ಬ್ಯಾಕ್. 'ಮತ್ತೆ ರನ್ನಿಂಗ್ ಬ್ಯಾಕಾ!' ಅಂತ ಉದ್ದ ಮೇಜಿನ ತುದಿಯಲ್ಲಿ ಕೂರುವ ಕೆಂಪು ಟೋಪಿಯ ಹಿರಿಯರು ತಲೆ ಹಿಡಿದುಕೊಂಡರು. ಎದುರಿಗಿದ್ದ ಹುಡುಗ ಎದ್ದು ಹೋಗಿ 2021ರ ಬೋರ್ಡ್ ಮೇಲೆ ಬೆರಳಿಟ್ಟ. ಮೂರನೇ ಸುತ್ತಿನಲ್ಲಿ 88ನೇ ಆಯ್ಕೆ ಟ್ರೇ ಸರ್ಮನ್, ಇಲ್ಲಿ ನಿಲ್ಲಲೇ ಇಲ್ಲ. ಅದೇ ವರ್ಷ ಆರನೇ ಸುತ್ತಿನಲ್ಲಿ 194ನೇ ಆಯ್ಕೆ ಎಲೈಜಾ ಮಿಚೆಲ್, ಮೊದಲ ಸೀಸನ್‌ನಲ್ಲೇ 963 ಗಜ ಓಡಿದ. 'ಓಡುವವರನ್ನು ತಡವಾಗಿಯೇ ತೆಗೆದುಕೊಳ್ಳಬೇಕು' ಅಂದ. ಹಿರಿಯರು ಬಿಡಲಿಲ್ಲ. ಮೊದಲ ಐದೂ ಆಯ್ಕೆ ಡಿಫೆನ್ಸ್‌ಗೆ ಹೋಗಿದೆ, ಪರ್ಡಿಗೆ ಅಡ್ಡ ನಿಂತು ಕಾಯುವ ಲೈನ್‌ಮನ್ ಎಲ್ಲಿ ಅಂತ ಕೇಳಿದರು. ಆ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೊನೆಗೆ 249ರಲ್ಲಿ ಅಯೋವಾದ ಕಾನರ್ ಕೋಲ್ಬಿ ಹೆಸರು ಬಂದಾಗ ಇಡೀ ಮೇಜು ಚಪ್ಪಾಳೆ ತಟ್ಟಿತು. ನನ್ನ ಪ್ರಕಾರ ಹಿರಿಯರು ಹೇಳಿದ್ದೇ ಸರಿ. ಲೈನ್‌ಗೆ ಅಷ್ಟು ಹೊತ್ತು ಕಾಯಬಾರದಿತ್ತು.

ನಾನು ಬಾಯಿ ಬಿಟ್ಟಿದ್ದು 227ಕ್ಕೆ. ಕರ್ಟಿಸ್ ರೂರ್ಕ್, ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್. ಮೊಣಕಾಲಿನ ಎಸಿಎಲ್ ಅನ್ನುವ ನಾರು ಹರಿದಿದ್ದರೂ 2024ರ ಸೀಸನ್ ಆಡಿದವನು. 'ಎಂಥ ಗಂಡೆದೆ' ಅಂತ ಎಲ್ಲರೂ ಹೊಗಳುತ್ತಿದ್ದರು. ನಾನು ಫಿಸಿಯೋಥೆರಪಿಸ್ಟ್. ದಿನಾ ಅಂಥ ಮೊಣಕಾಲುಗಳನ್ನೇ ನೋಡುತ್ತೇನೆ. ಆ ನಾರು ಇಲ್ಲದೆ ಓಡಾಡಿದರೆ ಒಳಗಿನ ಮೆತ್ತೆ ಸವೆಯುತ್ತದೆ, ಹರಿಯುತ್ತದೆ. ಆಪರೇಷನ್ ಆದಮೇಲೆ ಒಂಬತ್ತು ತಿಂಗಳಾದರೂ ಬೇಕು, ಈ ವರ್ಷ ಅವನನ್ನು ಲೆಕ್ಕಕ್ಕೆ ಇಡಬೇಡಿ ಅಂದೆ. ಹಾಗಾದರೆ ಆಯ್ಕೆ ದಂಡವಾ ಅಂತ ಕೇಳಿದರು. ಅಲ್ಲ. ಏಳನೇ ಸುತ್ತು ಇರುವುದೇ ಕಾಯುವುದಕ್ಕೆ. ಮೊದಲ ಸುತ್ತಿನ ಹುಡುಗನಿಗೆ ಒಂದು ವರ್ಷ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಇವನಿಗೆ ಕೊಡಬಹುದು. ಇಷ್ಟೆಲ್ಲ ಹೇಳುವಾಗ ಮಗಳು ನನ್ನ ತೋಳು ಹಿಡಿದು, "ಅಮ್ಮಾ, ನಿಧಾನ, ಎಲ್ಲರೂ ನಿನ್ನೇ ನೋಡ್ತಿದ್ದಾರೆ" ಅಂದಳು. ನೋಡುತ್ತಿದ್ದರು ನಿಜ, ಆದರೆ ಕೇಳಿಸಿಕೊಳ್ಳುತ್ತಿದ್ದರು. ಕೆಂಪು ಟೋಪಿಯವರು ಆಮೇಲೆ ನನ್ನ ಪಕ್ಕಕ್ಕೆ ಬಂದು, ಮೆಟ್ಟಿಲು ಇಳಿಯುವಾಗ ತಮ್ಮ ಎಡ ಮೊಣಕಾಲು ಹಿಡಿಯುತ್ತದೆ, ಏನು ಮಾಡಲಿ ಅಂತ ಕೇಳಿದರು. ಪೇಪರ್ ನ್ಯಾಪ್‌ಕಿನ್ ಮೇಲೆ ಎರಡು ವ್ಯಾಯಾಮ ಬರೆದುಕೊಟ್ಟೆ.

ಈ ಹಿರಿಯರ ಬಗ್ಗೆ ಇನ್ನೊಂದು ಮಾತು. 2000ದ ಡ್ರಾಫ್ಟ್ ಅವರ ಎದೆಯಲ್ಲಿ ಇನ್ನೂ ಹಸಿ ಗಾಯ. ಆಮೇಲೆ ಈ ಆಟದ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ ಅನ್ನಿಸಿಕೊಂಡ ಟಾಮ್ ಬ್ರೇಡಿ ಇಲ್ಲೇ ಸಾನ್ ಮಟೇಯೊ ಹುಡುಗ, ಚಿಕ್ಕಂದಿನಿಂದ ನಮ್ಮ ತಂಡದ ಅಭಿಮಾನಿ. 199ನೇ ಆಯ್ಕೆಯಾಗಿ ನ್ಯೂ ಇಂಗ್ಲೆಂಡ್‌ಗೆ ಹೋದ. ನಮ್ಮವರು 65ರಲ್ಲೇ ಬೇರೆ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡಿದ್ದರು. ಪ್ರತಿ ವರ್ಷ 199 ಬರುವ ಹೊತ್ತಿಗೆ ಅವರು ಮಾತು ನಿಲ್ಲಿಸುತ್ತಾರೆ. ಮೇಜಿನಲ್ಲಿ ಯಾರೂ ಆಗ ಅವರನ್ನು ಮಾತಾಡಿಸುವುದಿಲ್ಲ. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ, ಕಾಫಿ ತರುವ ಹುಡುಗಿ ಕಿವಿಯಲ್ಲಿ ಹೇಳಿದಳು.

ಊಟದ ವಿಷಯ. ಕಾಫಿ ಚೆನ್ನಾಗಿದೆ, ಕೇಳದೆಯೇ ಮತ್ತೆ ತುಂಬುತ್ತಾರೆ. ಸಸ್ಯಾಹಾರಿಗಳು ಬೆಳಗ್ಗೆ ಹಾಲಪೆನ್ಯೊ ಹಾಕಿದ ಆಲೂಗಡ್ಡೆ ಬರೀಟೊ ತೆಗೆದುಕೊಳ್ಳಿ. ಬೇಕನ್ ಬೇಡ ಅಂದರೆ ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತಾರೆ, ನಾನೇ ಒಳಗೆ ನಿಂತು ನೋಡಿದ್ದೇನೆ. ಆದರೆ ಫ್ರೈಸ್ ತಿನ್ನಬೇಡಿ. ಚಿಕನ್ ವಿಂಗ್ಸ್ ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುತ್ತಾರೆ. ಮೆನುವಿನಲ್ಲಿ ಹಸಿರು ಎಲೆ ಗುರುತು ಹಾಕಿದ್ದಾರೆ, ಅದು ತಪ್ಪು. ಎರಡು ವರ್ಷ ನಾವು ನಂಬಿ ತಿಂದಿದ್ದೇವೆ. ಈ ಸಲ ಮಗಳು ಕೇಳಿದ್ದಕ್ಕೆ ಗೊತ್ತಾಯಿತು. ಮಾಲೀಕರು ಕ್ಷಮೆ ಕೇಳಿದರು, ಗುರುತು ತೆಗೆಯುತ್ತೇನೆ ಅಂದರು. ಸೆಪ್ಟೆಂಬರ್‌ನಲ್ಲಿ ಹೋದಾಗ ಇನ್ನೂ ಇತ್ತು. ಒಂದು ಸ್ಟಾರ್ ಹೋಗಿದ್ದು ಇದಕ್ಕೇ. ಗುರುತು ಹೋದ ದಿನ ನಾನೇ ಬಂದು ಸರಿಮಾಡುತ್ತೇನೆ.

ಗಾಡಿ ಹಿಂದಿನ ಅಂಗಳದಲ್ಲಿ ನಿಲ್ಲಿಸಿ. ಮಕ್ಕಳನ್ನು ಕರೆತರಬಹುದು, ಕೌಂಟರ್ ಹತ್ತಿರ ಮಾತ್ರ ಕೂರಿಸುವಂತಿಲ್ಲ.

ಸೆಪ್ಟೆಂಬರ್‌ನಲ್ಲಿ ಹೋಗಿದ್ದು ಸಿಯಾಟಲ್ ಪಂದ್ಯ ನೋಡಲು, 7ನೇ ತಾರೀಕು. 17-13ಕ್ಕೆ ಗೆದ್ದೆವು. ಐದನೇ ಸುತ್ತಿನಲ್ಲಿ 160ನೇ ಆಯ್ಕೆಯಾಗಿ ಬಂದ ಮಾರ್ಕೀಸ್ ಸಿಗಲ್ ಮೊದಲ ಪಂದ್ಯದಲ್ಲೇ ಡಿಫೆನ್ಸ್‌ನ ಹಿಂದಿನ ಸಾಲಿನ ಸೇಫ್ಟಿ ಜಾಗದಲ್ಲಿ ಶುರುವಿನಿಂದ ಆಡಿದ. ಏಪ್ರಿಲ್‌ನಲ್ಲಿ ಅವನ ಹೆಸರಿನ ಪಕ್ಕ ಮಗಳು ಗೆರೆ ಹಾಕಿದ್ದಳು. ಇಂಗ್ಲಿಷ್ ಅಕ್ಷರಗಳ ಮಧ್ಯೆ ಅವಳದೊಂದೇ ಕನ್ನಡದ 'ಅ'. ಮಾಲೀಕರು ಅದರ ಸುತ್ತ ಕೆಂಪು ಪೆನ್ನಿನಲ್ಲಿ ವೃತ್ತ ಎಳೆದು, ಈ ಅಕ್ಷರವನ್ನು ಹೇಗೆ ಓದುವುದು ಅಂತ ಅವಳನ್ನೇ ಕೇಳಿದರು.

2026ರ ಡ್ರಾಫ್ಟ್ ಪಿಟ್ಸ್‌ಬರ್ಗ್‌ನಲ್ಲಿ, ಅದರ ಶನಿವಾರ ಏಪ್ರಿಲ್ 25. ಬರುವವರು ಎಂಟೂವರೆಗೇ ಬನ್ನಿ. 2022ರ ಬೋರ್ಡ್ ಕೆಳಗಿನ ಎರಡು ಕುರ್ಚಿಯಲ್ಲಿ ನಾವಿರುತ್ತೇವೆ.