ಕವರ್ ಲೆಟರ್ ಬರೆದುಕೊಡಲಿಲ್ಲ, ನನ್ನಿಂದಲೇ ಬರೆಸಿದರು

ಔಷಧಿ ಸ್ಟೋರ್ ಒಂದರಲ್ಲಿ ಆರು ವರ್ಷ ಸ್ಟಾಕ್ ನೋಡಿಕೊಂಡಿದ್ದೆ. ಅಮ್ಮನಿಗೆ ಹುಷಾರಿಲ್ಲದೆ ಕೆಲಸ ಬಿಟ್ಟು ಮೂರು ವರ್ಷ ಮನೆಯಲ್ಲಿದ್ದೆ. ಮತ್ತೆ ಕೆಲಸ ಹುಡುಕಲು ಹೊರಟಾಗ ರೆಸ್ಯೂಮ್ ಹೇಗೋ ಸಿದ್ಧವಾಯಿತು. ಅದರ ಜೊತೆ ಕಳಿಸುವ ಅರ್ಜಿ ಪತ್ರ, ಅಂದರೆ ಕವರ್ ಲೆಟರ್ ಮಾತ್ರ ಕೈಗೆ ಹತ್ತಲಿಲ್ಲ. ಕೊನೆಗೆ ಪತ್ರ ತಿದ್ದಿಕೊಡುವ ಒಂದು ಆನ್‌ಲೈನ್ ಸೇವೆಗೆ ದುಡ್ಡು ಕಟ್ಟಿದೆ.

ಅದಕ್ಕೂ ಮೊದಲು ಒಂದು ರೆಡಿಮೇಡ್ ಟೆಂಪ್ಲೇಟ್ ಬಳಸಿದ್ದೆ. ಹೆಸರು, ಹುದ್ದೆ ತುಂಬಿಸಿದರೆ ಪತ್ರ ತಯಾರು. ಓದಲು ಚೆನ್ನಾಗಿಯೇ ಇತ್ತು. ಆದರೆ ಅದನ್ನು ಯಾರು ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ಕಳಿಸಬಹುದಿತ್ತು. ನಾನು ಅದರಲ್ಲಿ ಎಲ್ಲೂ ಇರಲಿಲ್ಲ.

ಈ ಸೇವೆಯವರು ಮೊದಲು ಕೇಳಿದ್ದು ಕೆಲಸದ ಜಾಹೀರಾತನ್ನು. ಅವಧಿ ಮೀರಿ ಹಾಳಾಗುವ ಮಾಲು ಕಡಿಮೆಯಾಗಬೇಕು ಅಂತ ಅದರಲ್ಲಿ ಎರಡು ಕಡೆ ಬರೆದಿತ್ತು. ನಾಲ್ಕು ಸಲ ಓದಿದ್ದರೂ ನನಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ! ಪತ್ರ ತಿದ್ದಿದ ಮೇಡಂ ಅದಕ್ಕೆ ಗೆರೆ ಎಳೆದು, "ಅವರ ತಲೆನೋವು ಇದು. ಇದಕ್ಕೆ ನೀವು ಏನು ಮಾಡಿದ್ದೀರಿ?" ಅಂತ ಕೇಳಿದರು.

ನಾನು ಬರೆದಿದ್ದು ಹೀಗೆ: "ನಾನು ಶ್ರಮಜೀವಿ, ಸ್ಟಾಕ್ ನಿರ್ವಹಣೆಯಲ್ಲಿ ಉತ್ತಮ ಅನುಭವ ಹೊಂದಿದ್ದೇನೆ." ಅದರ ಪಕ್ಕದಲ್ಲಿ ಅವರು "ಒಂದು ದಿನದ ಕೆಲಸ ಹೇಳಿ" ಅಂತ ಬರೆದರು. ಮೂರು ಸಲ ತಿದ್ದಿದ ಮೇಲೆ ಅದೇ ಜಾಗದಲ್ಲಿ ಬಂದಿದ್ದು ಇದು: "ಹೊಸ ಬಾಕ್ಸ್‌ಗಳನ್ನು ಹಳೆಯವುಗಳ ಮುಂದೆ ಇಡುತ್ತಿದ್ದುದರಿಂದ ಹಿಂದಿನವು ಅಲ್ಲೇ ಎಕ್ಸ್‌ಪೈರಿ ಆಗುತ್ತಿದ್ದವು. ಬೇಗ ಅವಧಿ ಮುಗಿಯುವುದು ಮುಂದೆ ಬರುವಂತೆ ರ‍್ಯಾಕ್ ಜೋಡಿಸಿದೆ. ಮುಂದಿನ 90 ದಿನದಲ್ಲಿ ಅವಧಿ ಮುಗಿಯುವ ಔಷಧಿಗಳ ಪಟ್ಟಿಯನ್ನು ತಿಂಗಳ ಮೊದಲ ದಿನವೇ ಮಾಡಲು ಶುರುಮಾಡಿದೆ. ಬಿಸಾಡುವ ಬಾಕ್ಸ್ ತಿಂಗಳಿಗೆ ನಾಲ್ಕು ಇದ್ದದ್ದು ಒಂದಕ್ಕೆ ಇಳಿಯಿತು." ಇದೆಲ್ಲ ನಾನೇ ಮಾಡಿದ ಕೆಲಸ. ಹೇಳಿಕೊಳ್ಳುವಂಥದ್ದು ಅಂತ ನನಗೆ ಅನ್ನಿಸಿರಲೇ ಇಲ್ಲ.

ಹೆಸರಾಂತ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ, ಇಟಲಿಯ ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರದ ಬಗ್ಗೆ ಕೂಡ ಅವರು ಹೇಳಿದರು. ಅದರಲ್ಲಿ ಮೊದಲು ಬರುವುದು ಸೇತುವೆ, ಫಿರಂಗಿ, ಕೋಟೆ ಒಡೆಯುವ ಉಪಾಯ. ಚಿತ್ರ ಬರೆಯಬಲ್ಲೆ ಅನ್ನೋದು ಕೊನೆಗೆ. ದೊರೆಗೆ ಆಗ ಬೇಕಿದ್ದದ್ದು ಯುದ್ಧದ ಸಾಮಾನು, ಅಲ್ವಾ? ಈ ಒಂದು ಉದಾಹರಣೆಯಿಂದ ನನ್ನ ಪತ್ರದ ಪ್ಯಾರಾಗಳ ಕ್ರಮವೇ ಬದಲಾಯಿತು.

ಕಷ್ಟವಾಗಿದ್ದು ಆ ಮೂರು ವರ್ಷದ ವಿಷಯ. ಹತ್ತು ಸಾಲು ಬರೆದಿದ್ದೆ. ಆಸ್ಪತ್ರೆ, ರಾತ್ರಿ ನಿದ್ದೆಗೆಡೋದು, ಎಲ್ಲಾ. ಮೇಡಂ ಒಂದೇ ಸಾಲು ಉಳಿಸಿದರು: "ತಾಯಿಯ ಆರೈಕೆಗಾಗಿ ಮೂರು ವರ್ಷ ಬಿಡುವು ತೆಗೆದುಕೊಂಡಿದ್ದೆ, ಈಗ ಪೂರ್ತಿ ಸಮಯದ ಕೆಲಸಕ್ಕೆ ಸಿದ್ಧಳಿದ್ದೇನೆ." ಮೊದಲು ಬೇಜಾರಾಯಿತು. "ನೀವು ತಪ್ಪು ಮಾಡಿಲ್ಲ, ಕ್ಷಮೆ ಕೇಳಬೇಡಿ" ಅಂದರು. ಆಮೇಲೆ ಓದಿ ನೋಡಿದರೆ ಆ ಒಂದು ಸಾಲಿನಲ್ಲೇ ಧೈರ್ಯ ಕಾಣಿಸಿತು. 600 ಪದ ಇದ್ದ ಪತ್ರ 300ಕ್ಕೆ ಇಳಿದು ಒಂದು ಪುಟದಲ್ಲಿ ಕೂತಿತು.

ದೂರುಗಳೂ ಇವೆ. ಎರಡು ದಿನದಲ್ಲಿ ಕೊಡ್ತೀವಿ ಅಂದವರು ಐದು ದಿನ ತೆಗೆದುಕೊಂಡರು. ಅಷ್ಟರಲ್ಲಿ ಇನ್ನೊಂದು ಕೆಲಸದ ಕೊನೆ ದಿನಾಂಕ ಮುಗಿದುಹೋಯಿತು. ತುರ್ತಿರುವವರಿಗೆ ಇದು ಆಗಿಬರುವುದಿಲ್ಲ. "ಅತ್ಯಂತ ಉತ್ಸುಕಳಾಗಿದ್ದೇನೆ" ಅನ್ನುವ ಸಾಲನ್ನು ಅವರೇ ಸೇರಿಸಿದ್ದರು. ನಾನು ಹಾಗೆ ಮಾತಾಡುವವಳಲ್ಲ, ತೆಗೆಸಿದೆ.

ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಆ 90 ದಿನದ ಪಟ್ಟಿ ಬಗ್ಗೆ. ಇಪ್ಪತ್ತು ನಿಮಿಷ ಅದನ್ನೇ ಮಾತಾಡಿದೆವು. ಫಲಿತಾಂಶ ಇನ್ನೂ ಬಂದಿಲ್ಲ. ಅಷ್ಟರೊಳಗೆ ಇನ್ನೊಂದು ಕಡೆಗೆ ಪತ್ರ ಬರೆದೆ, ಈ ಸಲ ಯಾರ ಸಹಾಯವೂ ಇಲ್ಲದೆ. ಒಂದೇ ಸಂಜೆಯಲ್ಲಿ ಮುಗಿಯಿತು.