ಪ್ರೊಫಿಬಸ್‌ನ ನೇರಳೆ ಕೇಬಲ್: ವರ್ಷಗಟ್ಟಲೆ ಬಳಸಿದ ಮೇಲೆ

ಪ್ರೊಫಿಬಸ್ ಡಿಪಿಗೆ, ಅಂದರೆ ಕಾರ್ಖಾನೆಯ ಕಂಟ್ರೋಲರ್ ಮತ್ತು ಯಂತ್ರಗಳ ನಡುವೆ ಡೇಟಾ ಸಾಗಿಸುವ ಜಾಲಕ್ಕೆ, ಬಳಸುವ ಟೈಪ್ ಎ ನೇರಳೆ ಕೇಬಲ್, ಜೊತೆಗೆ ಅದರ ಒಂಬತ್ತು ಪಿನ್ ಕನೆಕ್ಟರ್, ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಕೇಬಲ್ ತಾನಾಗಿ ಕೆಟ್ಟಿದ್ದು ತೀರಾ ಅಪರೂಪ. ತೊಂದರೆ ಬಂದಾಗಲೆಲ್ಲ ಕಾರಣ ಸಿಕ್ಕಿದ್ದು ಅದನ್ನು ಎಳೆದ ದಾರಿಯಲ್ಲಿ. ಹಾಗಾಗಿ ಕೇಬಲ್ ಆರ್ಡರ್ ಮಾಡುವ ಮೊದಲು ಕೇಬಲ್ ಹಾಕುವ ಟ್ರೇಗಳ ಡ್ರಾಯಿಂಗ್ ಹಿಡಿದು ಕೂತುಕೊಳ್ಳಿ.

ಸ್ಪೀಡ್ ಎಷ್ಟು ಅಂತ ಮೊದಲೇ ತೀರ್ಮಾನ ಆಗಬೇಕು. 12 ಎಂಬಿಪಿಎಸ್‌ನಲ್ಲಿ ಒಂದು ಸೆಗ್ಮೆಂಟ್ (ನಡುವೆ ರಿಪೀಟರ್ ಇಲ್ಲದ ಒಂದು ಕೇಬಲ್ ತುಂಡು) 100 ಮೀಟರ್ ಮಾತ್ರ. 1.5ಕ್ಕೆ ಇಳಿಸಿದರೆ 200, 500 ಕೆಬಿಪಿಎಸ್‌ಗೆ 400, 187.5 ಕೆಬಿಪಿಎಸ್‌ಗೆ 1000 ಮೀಟರ್. ಪ್ಯಾನೆಲ್‌ಗಳ ನಡುವಿನ ನೇರ ದೂರವನ್ನು ಕೂಡಿಸಿದರೆ ಸಾಲದು. ಕೇಬಲ್ ಪ್ರತಿ ಪ್ಯಾನೆಲ್‌ಗೂ ಇಳಿಯುತ್ತದೆ, ಮತ್ತೆ ಟ್ರೇಗೆ ಹತ್ತುತ್ತದೆ. ಆ ಇಳಿತ ಏರಿಕೆಯೇ ಹತ್ತಾರು ಮೀಟರ್ ತಿನ್ನುತ್ತದೆ. ಪ್ರೊಸೆಸ್‌ಗೆ 12 ಬೇಡವೆಂದರೆ 1.5 ಇಟ್ಟುಕೊಳ್ಳಿ, ಸುಮ್ನೆ ಜಾಸ್ತಿ ಸ್ಪೀಡ್ ಯಾಕೆ? ಒಂದು ಸೆಗ್ಮೆಂಟ್‌ಗೆ ಹೆಚ್ಚೆಂದರೆ 32 ಸ್ಟೇಷನ್ (ಕೇಬಲ್‌ಗೆ ಸೇರಿದ ಸಾಧನ), ಸಿಗ್ನಲ್ಲನ್ನು ಮುಂದಿನ ಸೆಗ್ಮೆಂಟ್‌ಗೆ ದಾಟಿಸುವ ರಿಪೀಟರ್ ಕೂಡ ಆ ಲೆಕ್ಕದಲ್ಲೇ ಬರುತ್ತದೆ.

ಒಂದು ಕಡೆ ಗುತ್ತಿಗೆದಾರರು ಈ ಕೇಬಲನ್ನು ಡ್ರೈವ್‌ನ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಹಾಕಿದ್ದರು. ಡ್ರೈವ್ ಸ್ಟಾರ್ಟ್ ಆದಾಗಲೆಲ್ಲ ಸ್ಲೇವ್‌ಗಳು (ಕಂಟ್ರೋಲರ್ ಹೇಳಿದಂತೆ ಕೆಲಸ ಮಾಡುವ ಸ್ಟೇಷನ್‌ಗಳು) ನೆಟ್‌ವರ್ಕ್‌ನಿಂದ ಕಾಣೆ, ನಿಂತ ಮೇಲೆ ಎಲ್ಲ ಸರಿ. ಕನೆಕ್ಟರ್ ಬದಲಿಸಿದರು, ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್) ಕಾರ್ಡ್ ಬದಲಿಸಿದರು, ಏನೂ ಆಗಲಿಲ್ಲ. ಕೇಬಲನ್ನು ಬೇರೆ ಟ್ರೇಗೆ ಸರಿಸಿದ ಮೇಲೆ ಫಾಲ್ಟ್ ನಿಂತಿತು. ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಇಲ್ಲದ ಪವರ್ ಕೇಬಲ್ ಪಕ್ಕದಲ್ಲಿದ್ದರೆ 200 ಮಿಲಿಮೀಟರ್ ಅಂತರ ಬಿಡಿ. ನಡುವೆ ಸ್ಟೀಲ್ ತಡೆ ಇದ್ದರೆ 50 ಸಾಕು. ದಾಟಲೇಬೇಕಾದರೆ ನೇರ ಅಡ್ಡವಾಗಿ ದಾಟಿಸಿ. ಪ್ರೊಫಿಬಸ್ ಕೇಬಲ್‌ನ ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಿ. ಆದರೆ ಪ್ಯಾನೆಲ್‌ಗಳ ನಡುವೆ ಅವುಗಳ ಅರ್ತ್ ಜೋಡಿಸುವ ದಪ್ಪ ಬಾಂಡಿಂಗ್ ವೈರ್ ಇರಲೇಬೇಕು, ಇಲ್ಲದಿದ್ದರೆ ಎರಡು ಅರ್ತ್‌ಗಳ ನಡುವಿನ ಕರೆಂಟ್ ಶೀಲ್ಡ್ ಮೂಲಕವೇ ಹರಿಯುತ್ತದೆ.

ಕನೆಕ್ಟರ್ ನನಗೆ ತುಂಬಾ ಇಷ್ಟ. ಡೇಟಾ ತಂತಿ ಎರಡೇ, ಹಸಿರು ಎ, ಕೆಂಪು ಬಿ. ತಪ್ಪುವ ಸಾಧ್ಯತೆ ಕಡಿಮೆ. ಟರ್ಮಿನೇಷನ್ ಸ್ವಿಚ್ (ಸಿಗ್ನಲ್ ತುದಿಯಿಂದ ವಾಪಸ್ ಬಾರದಂತೆ ರೆಸಿಸ್ಟರ್ ಜೋಡಿಸುವ ಸ್ವಿಚ್) ಸೆಗ್ಮೆಂಟ್‌ನ ಎರಡು ತುದಿಗಳಲ್ಲಿ ಮಾತ್ರ ಆನ್. ನಡುವೆ ಎಲ್ಲಾದರೂ ಆನ್ ಆದರೆ ಮುಂದಿನ ಕೇಬಲ್‌ನ ಸಂಪರ್ಕ ಕಡಿದುಹೋಗುತ್ತದೆ, ಅಲ್ಲಿಂದಾಚೆ ಯಾವ ಸ್ಟೇಷನ್ನೂ ಸಿಗುವುದಿಲ್ಲ. ತುದಿಯ ಟರ್ಮಿನೇಷನ್‌ಗೆ ಆ ಸ್ಟೇಷನ್ನಿಂದಲೇ 5 ವೋಲ್ಟ್ ಸಿಗುತ್ತದೆ. ಹಾಗಾಗಿ ಆಗಾಗ ಆಫ್ ಮಾಡುವ ಯಂತ್ರವನ್ನು ತುದಿಯಲ್ಲಿ ಇಡಬೇಡಿ, ಪ್ಲಾನಿಂಗ್‌ನಲ್ಲೇ ಇದನ್ನು ನೋಡಿಕೊಳ್ಳಿ.

ಚಲಿಸುವ ಯಂತ್ರಕ್ಕೆ ಗಟ್ಟಿ ತಂತಿಯ ಸಾಮಾನ್ಯ ಕೇಬಲ್ ಆಗುವುದಿಲ್ಲ, ಡ್ರ್ಯಾಗ್ ಚೈನ್‌ಗೆಂದೇ (ಯಂತ್ರದ ಜೊತೆ ಬಾಗುತ್ತಾ ಕೇಬಲ್ ಒಯ್ಯುವ ಸರಪಳಿ) ಬರುವ ಎಳೆಎಳೆ ತಂತಿಯದ್ದನ್ನೇ ತನ್ನಿ.

ಎಳೆದಾದ ಮೇಲೆ, ಕನೆಕ್ಟರ್‌ಗಳನ್ನು ಪ್ಲಗ್ ಮಾಡುವ ಮೊದಲು ಎ, ಬಿ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಎರಡೂ ತುದಿಯ ಟರ್ಮಿನೇಷನ್ ಆನ್ ಇದ್ದರೆ 110 ಓಮ್ ಆಸುಪಾಸು ತೋರಿಸಬೇಕು. 220 ಬಂದರೆ ಒಂದು ತುದಿ ಆಫ್ ಇದೆ ಅಥವಾ ತಂತಿ ಎಲ್ಲೋ ಕಡಿದಿದೆ.