ಪಿಕೋ 2 ಬೋರ್ಡ್: ಮೆಮೊರಿಯ ಗಡಿ ಕಾಯುವುದರಲ್ಲಿ ಎಷ್ಟು ಗಟ್ಟಿ?

ರಾಸ್ಪ್‌ಬೆರಿ ಪೈ ಸಂಸ್ಥೆಯ ಪಿಕೋ 2 ಬೋರ್ಡ್ 2024ರ ಆಗಸ್ಟ್‌ನಲ್ಲಿ 5 ಡಾಲರ್ ಬೆಲೆಗೆ ಬಂತು. ಅದರ ಆರ್‌ಪಿ2350 ಚಿಪ್‌ನ 150 ಮೆಗಾಹರ್ಟ್ಸ್ ವೇಗ, 520 ಕೆಬಿ ರ‍್ಯಾಮ್, ಬೋರ್ಡಿನ 4 ಎಂಬಿ ಫ್ಲ್ಯಾಶ್ ಬಗ್ಗೆ ಬೇಕಾದಷ್ಟು ಬರಹಗಳಿವೆ. ಇಲ್ಲಿ ನೋಡಹೊರಟಿರುವುದು ಒಂದನ್ನೇ: ಒಂದು ತುಂಡು ಕೋಡ್ ಇನ್ನೊಂದರ ಮೆಮೊರಿಗೆ ಕೈಹಾಕದಂತೆ ಈ ಚಿಪ್ ಹಾರ್ಡ್‌ವೇರ್ ಮಟ್ಟದಲ್ಲೇ ಎಷ್ಟರ ಮಟ್ಟಿಗೆ ತಡೆಯುತ್ತದೆ? ತಡೆಯುವ ಸಲಕರಣೆ ಈ ಬೆಲೆಗೆ ನಿರೀಕ್ಷಿಸುವುದಕ್ಕಿಂತ ಬಹಳ ಹೆಚ್ಚಿದೆ. ಆದರೆ ಅದರಲ್ಲಿ ಹೆಚ್ಚಿನದು ತಾನಾಗಿ ಚಾಲೂ ಆಗುವುದಿಲ್ಲ, ಮತ್ತು ಒಂದೇ ಗಡಿಯನ್ನು ಮೂರು ಕಡೆ ಬರೆಯಬೇಕಾಗುತ್ತದೆ.

ಮೊದಲ ಕಾವಲು ಕೋರ್‌ನ ಒಳಗಿನ ಎಂಪಿಯು, ಅಂದರೆ ಮೆಮೊರಿಯ ಯಾವ ಪ್ರದೇಶವನ್ನು ಯಾವ ಕೋಡ್ ಮುಟ್ಟಬಹುದು ಎಂದು ನೋಡುವ ಘಟಕ. ಎರಡೂ ಕಾರ್ಟೆಕ್ಸ್ ಎಂ33 ಕೋರ್‌ಗಳಿಗೆ ಸೆಕ್ಯೂರ್ (ನಂಬಿಕಸ್ಥ ಕೋಡ್‌ನ) ಬದಿಗೆ 8, ನಾನ್‌ಸೆಕ್ಯೂರ್ (ಉಳಿದ ಕೋಡ್‌ನ) ಬದಿಗೆ 8 ಪ್ರದೇಶಗಳಿವೆ. ಪ್ರತಿ ಪ್ರದೇಶಕ್ಕೆ ಆರಂಭದ ವಿಳಾಸ, ಕೊನೆಯ ವಿಳಾಸ ಕೊಟ್ಟರೆ ಸಾಕು, ಎರಡೂ 32 ಬೈಟ್‌ನ ಗಡಿಗೆ ಹೊಂದಬೇಕು. ಹಳೆಯ ಪಿಕೋದ ಎಂ0 ಪ್ಲಸ್ ಕೋರ್‌ನಲ್ಲಿ ಪ್ರದೇಶದ ಗಾತ್ರ ಎರಡರ ಘಾತವೇ ಆಗಬೇಕಿತ್ತು, ಕನಿಷ್ಠ 256 ಬೈಟ್; 5 ಕೆಬಿ ಬಫರ್ ಕಾಯಲು 8 ಕೆಬಿ ಮೀಸಲಿಟ್ಟು ಉಪಪ್ರದೇಶಗಳನ್ನು ಆರಿಸುತ್ತಾ ಕೂರಬೇಕಿತ್ತು. ಆ ಕಾಟ ಈಗಿಲ್ಲ.

ಬದಲಿಗೆ ಹೊಸದೊಂದು ನಿಯಮ ಬಂದಿದೆ, ಹಳೆಯ ಕೋಡ್ ತಂದು ಕೂರಿಸುವವರು ಎಡವುವುದು ಇಲ್ಲೇ. ಮೊದಲು ಎರಡು ಪ್ರದೇಶಗಳು ಒಂದರ ಮೇಲೊಂದು ಬಿದ್ದರೆ ದೊಡ್ಡ ಸಂಖ್ಯೆಯ ಪ್ರದೇಶದ ಮಾತು ನಡೆಯುತ್ತಿತ್ತು. ಎಂ33ಯಲ್ಲಿ ಎರಡು ಪ್ರದೇಶಗಳಿಗೆ ಸೇರಿದ ವಿಳಾಸವನ್ನು ಮುಟ್ಟಿದರೆ ನೇರವಾಗಿ ಫಾಲ್ಟ್, ಅಂದರೆ ಕೋರ್ ಕೆಲಸ ನಿಲ್ಲಿಸಿ ತಪ್ಪು ನಿಭಾಯಿಸುವ ಹ್ಯಾಂಡ್ಲರ್‌ಗೆ ಹಾರುತ್ತದೆ. ಪ್ರಿವಿಲೇಜ್ (ಹೆಚ್ಚಿನ ಅಧಿಕಾರ) ಇರುವ ಕೋಡ್‌ಗೂ ರಿಯಾಯಿತಿ ಇಲ್ಲ. ಇಡೀ ರ‍್ಯಾಮಿಗೆ ಒಂದು ಪ್ರದೇಶ ಹಾಸಿ ಅದರ ಮೇಲೆ ಚಿಕ್ಕ ನಿಷೇಧ ಪ್ರದೇಶ ಇಡುವ ಹಳೆಯ ರೂಢಿಯನ್ನು ಬಿಡಬೇಕು. ಕರ್ನಲ್‌ಗೆ ಹಿನ್ನೆಲೆಯ ಅನುಮತಿ (ಯಾವ ಪ್ರದೇಶಕ್ಕೂ ಸೇರದ ಮೆಮೊರಿಗೂ ಪ್ರವೇಶ) ಬೇಕಿದ್ದರೆ ಎಂಪಿಯುವಿನ ನಿಯಂತ್ರಣ ರಿಜಿಸ್ಟರ್‌ನ 2ನೇ ಬಿಟ್ ಹಾಕಿ. ಅದು ಪ್ರದೇಶದ ಲೆಕ್ಕಕ್ಕೆ ಬರುವುದಿಲ್ಲ. ಬರೆದ ಮೇಲೆ, ಅದು ಜಾರಿಗೆ ಬರುವವರೆಗೆ ಕೋರನ್ನು ಕಾಯಿಸುವ ಡಿಎಸ್‌ಬಿ, ಐಎಸ್‌ಬಿ ಸೂಚನೆಗಳನ್ನು ಮರೆಯಬಾರದು.

ಎಂಪಿಯು ಪ್ರತಿ ಕೋರ್‌ಗೂ ಬೇರೆಬೇರೆ. ಕೋರ್ 0ಯಲ್ಲಿ ಬರೆದದ್ದು ಕೋರ್ 1ಕ್ಕೆ ತಿಳಿಯುವುದಿಲ್ಲ; ಎರಡನೆಯ ಕೋರ್ ಎಬ್ಬಿಸಿದ ಕೂಡಲೇ ಅದರ ಮೊದಲ ಫಂಕ್ಷನ್‌ನಲ್ಲೇ ಅದೇ ಪಟ್ಟಿಯನ್ನು ಮತ್ತೆ ತುಂಬಬೇಕು. ಇದನ್ನು ಮರೆತರೆ ಕೋರ್ 1 ಇಡೀ ರ‍್ಯಾಮಿನಲ್ಲಿ ನಿರಾತಂಕವಾಗಿ ಓಡಾಡುತ್ತದೆ, ಯಾವ ಪರೀಕ್ಷೆಯೂ ಕೂಗುವುದಿಲ್ಲ.

ಸ್ಟ್ಯಾಕ್ ಕಾಯಲು ಎಂಪಿಯು ಪ್ರದೇಶ ಖರ್ಚು ಮಾಡಬೇಡಿ. ಎಂ33ಯಲ್ಲಿ ಸ್ಟ್ಯಾಕ್‌ನ ಕೆಳಮಿತಿ ಹಿಡಿಯುವ ಪ್ರತ್ಯೇಕ ರಿಜಿಸ್ಟರ್‌ಗಳಿವೆ, ಮೀರಿದರೆ ಸ್ಪಷ್ಟ ಹೆಸರಿನ ಯೂಸೇಜ್ ಫಾಲ್ಟ್ ಬರುತ್ತದೆ. ಎಂಪಿಯು ಕಾವಲಿನ ಪಟ್ಟಿಯ ಮೇಲೆ ಇಂಟರಪ್ಟ್‌ನ ಸ್ಟ್ಯಾಕಿಂಗ್ (ಕೋರ್ ತನ್ನ ಸ್ಥಿತಿಯನ್ನು ತಾನೇ ಸ್ಟ್ಯಾಕ್‌ಗೆ ಬರೆದಿಡುವುದು) ಬಿದ್ದರೆ ತಪ್ಪಿದ ವಿಳಾಸ ದಾಖಲಾಗುವುದೇ ಇಲ್ಲ, ಹುಡುಕಾಟ ದುಪ್ಪಟ್ಟು. ಮೆಮೊರಿ ಫಾಲ್ಟ್ ಹ್ಯಾಂಡ್ಲರ್ ಅನ್ನು ಎಸ್‌ಎಚ್‌ಸಿಎಸ್‌ಆರ್ ರಿಜಿಸ್ಟರ್‌ನ 16ನೇ ಬಿಟ್ ಹಾಕಿ ಮೊದಲೇ ಎಬ್ಬಿಸಿಡಿ. ಇಲ್ಲದಿದ್ದರೆ ಎಲ್ಲ ತಪ್ಪುಗಳೂ ಹಾರ್ಡ್ ಫಾಲ್ಟ್ ಆಗಿ ಒಂದೇ ಬಾಗಿಲಿಗೆ ಬಂದು ಬೀಳುತ್ತವೆ.

ಎರಡನೆಯದು ಟ್ರಸ್ಟ್‌ಝೋನ್, ಸೆಕ್ಯೂರ್ ಮತ್ತು ನಾನ್‌ಸೆಕ್ಯೂರ್ ಬದಿಗಳನ್ನು ಬೇರ್ಪಡಿಸುವ ವ್ಯವಸ್ಥೆ. ಎಸ್‌ಎಯು ಘಟಕದ 8 ಪ್ರದೇಶಗಳು ಯಾವ ವಿಳಾಸ ಸೆಕ್ಯೂರ್, ಯಾವುದು ಅಲ್ಲ ಎಂದು ಹೇಳುತ್ತವೆ. ನಾನ್‌ಸೆಕ್ಯೂರ್ ಕೋಡ್ ಆಚೆ ಬದಿಗೆ ಬರಬೇಕಾದರೆ ಅದಕ್ಕೆಂದೇ ಗುರುತಿಸಿದ ಪ್ರದೇಶದಲ್ಲಿ ಎಸ್‌ಜಿ ಎಂಬ ಪ್ರವೇಶದ ಸೂಚನೆ ಇರುವ ಜಾಗಕ್ಕೇ ಬರಬೇಕು. ಜಿಸಿಸಿ ಕಂಪೈಲರ್‌ನಲ್ಲಿ ಟ್ರಸ್ಟ್‌ಝೋನ್‌ಗೆಂದೇ ಇರುವ ಸಿಎಂಎಸ್‌ಇ ಆಯ್ಕೆ ಹಾಕಿ, ಫಂಕ್ಷನ್‌ಗೆ ಪ್ರವೇಶದ ಗುರುತು ಕೊಟ್ಟರೆ ಕಂಪೈಲರ್ ಮತ್ತು ಲಿಂಕರ್ ಸೇರಿ ಆ ಬಾಗಿಲನ್ನು ಕಟ್ಟಿಕೊಡುತ್ತವೆ. ಆದರೆ ಒಳಗೆ ಬಂದ ಪಾಯಿಂಟರ್ ಯಾರದು ಎಂದು ಕಂಪೈಲರ್ ನೋಡುವುದಿಲ್ಲ. ನಾನ್‌ಸೆಕ್ಯೂರ್ ಕೋಡ್ ಸೆಕ್ಯೂರ್ ರ‍್ಯಾಮಿನ ವಿಳಾಸವನ್ನೇ ಬಫರ್ ಎಂದು ಕಳಿಸಿದರೆ, ಸೆಕ್ಯೂರ್ ಫಂಕ್ಷನ್ ತನ್ನ ಅಧಿಕಾರದಲ್ಲೇ ಅಲ್ಲಿ ಬರೆದುಬಿಡುತ್ತದೆ. ಸಿಎಂಎಸ್‌ಇಯ ವಿಳಾಸ ವ್ಯಾಪ್ತಿ ಪರೀಕ್ಷೆಯನ್ನು ಪ್ರತಿ ಪಾಯಿಂಟರ್‌ಗೂ, ಆರಂಭ ಮತ್ತು ಉದ್ದ ಎರಡನ್ನೂ ಕೊಟ್ಟು, ನಡೆಸಬೇಕು.

ಇಷ್ಟು ಇತರ ಎಂ33 ಚಿಪ್‌ಗಳಲ್ಲೂ ಸಿಗುತ್ತದೆ. ಈ ಚಿಪ್ ಮೆಚ್ಚುಗೆ ಗಳಿಸುವುದು ಕೋರ್‌ನ ಆಚೆ, ಬಸ್ (ಚಿಪ್‌ನ ಭಾಗಗಳನ್ನು ಬೆಸೆಯುವ ದಾರಿ) ಮೇಲೆ ಇರುವ ಕಾವಲಿನಿಂದ. ಆಕ್ಸೆಸ್ ಕಂಟ್ರೋಲ್ ಎಂಬ ಘಟಕ ಪ್ರತಿ ಪೆರಿಫೆರಲ್‌ಗೆ (ಪೋರ್ಟ್‌ನಂಥ ಕೋರ್ ಹೊರಗಿನ ಘಟಕಕ್ಕೆ) ಒಂದು ರಿಜಿಸ್ಟರ್ ಇಟ್ಟಿದೆ, ಅದರಲ್ಲಿ ಎಂಟು ಬಿಟ್. ನಾಲ್ಕು ಬಿಟ್ ಯಾವ ಹಂತದ ಕೋಡ್ ಬರಬಹುದು ಎಂದು ಹೇಳುತ್ತವೆ, ಉಳಿದ ನಾಲ್ಕು ಯಾರು ಬರಬಹುದು ಎಂದು: ಕೋರ್ 0, ಕೋರ್ 1, ಡಿಎಂಎ (ಕೋರ್‌ನ ನೆರವಿಲ್ಲದೆ ಡೇಟಾ ಸಾಗಿಸುವ ಘಟಕ), ಡೀಬಗರ್. ಅಂದರೆ ಒಂದು ಎಸ್‌ಪಿಐ ಪೋರ್ಟ್ ಕೋರ್ 1ಕ್ಕೆ ಮಾತ್ರ, ಡೀಬಗರ್‌ಗೂ ಇಲ್ಲ ಎಂದು ಬರೆದುಬಿಡಬಹುದು. ಬರೆಯುವಾಗ ಮೇಲಿನ 16 ಬಿಟ್‌ಗಳಲ್ಲಿ ಎ-ಸಿ-ಸಿ-ಇ ಎಂಬ ಹೆಕ್ಸ್ ಕೀಲಿ ಇರಲೇಬೇಕು, ಇಲ್ಲದಿದ್ದರೆ ಬಸ್ ಎರರ್; ದಾರಿತಪ್ಪಿದ ಪಾಯಿಂಟರ್ ಒಂದು ಕಾವಲನ್ನೇ ಕಿತ್ತುಹಾಕದಿರಲಿ ಎಂಬ ಒಳ್ಳೆಯ ಮುನ್ನೆಚ್ಚರಿಕೆ ಇದು. ಸಿದ್ಧತೆ ಮುಗಿದ ಮೇಲೆ ಲಾಕ್ ರಿಜಿಸ್ಟರ್‌ನಲ್ಲಿ ಆಯಾ ಕೋರ್‌ನ ಬಿಟ್ ಹಾಕಿದರೆ, ಆ ಘಟಕ ರೀಸೆಟ್ ಆಗುವವರೆಗೆ ಆ ಕೋರ್ ಏನು ಬರೆದರೂ ಸದ್ದಿಲ್ಲದೆ ಬದಿಗೆ ಹೋಗುತ್ತದೆ. ಈ ಸದ್ದಿಲ್ಲದಿರುವಿಕೆ ಗಮನದಲ್ಲಿರಲಿ: ಬರೆದದ್ದು ಏಕೆ ನಿಲ್ಲುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವ ಮುನ್ನ ಲಾಕ್ ನೋಡಿ.

ಹೊಸಬರಿಗೆ ಮೊದಲು ಎದುರಾಗುವ ಪೆಟ್ಟು ಯುಎಆರ್‌ಟಿಯದು, ಅಂದರೆ ಸೀರಿಯಲ್ ಪೋರ್ಟಿನದು. ಯುಎಆರ್‌ಟಿಯಂಥ ಪೆರಿಫೆರಲ್‌ಗಳು ರೀಸೆಟ್ ಆದಾಗ ಸೆಕ್ಯೂರ್ ಕೋಡ್‌ಗೆ ಮಾತ್ರ ತೆರೆದಿರುತ್ತವೆ. ಎಸ್‌ಎಯು ಸರಿಯಾಗಿ ಬರೆದು ನಾನ್‌ಸೆಕ್ಯೂರ್ ಬದಿಗೆ ಹಾರಿ ಒಂದು ಸಾಲು ಪ್ರಿಂಟ್ ಮಾಡಹೊರಟರೆ ಬಸ್ ಫಾಲ್ಟ್ ಬರುತ್ತದೆ, ಅದೂ ಸೆಕ್ಯೂರ್ ಬದಿಯ ಹ್ಯಾಂಡ್ಲರ್‌ಗೆ. ನಾನ್‌ಸೆಕ್ಯೂರ್ ಬದಿಯಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಕಾದರೆ ಏನೂ ಕಾಣದು. ಹಾರುವ ಮುನ್ನ ಯುಎಆರ್‌ಟಿ 0ರ ರಿಜಿಸ್ಟರ್‌ನಲ್ಲಿ ನಾನ್‌ಸೆಕ್ಯೂರ್ ಪ್ರಿವಿಲೇಜ್ ಬಿಟ್ ಹಾಕಬೇಕು.

ಈಗ ಡಿಎಂಎ. ಎಂಪಿಯು ಕಾಯುವುದು ಕೋರ್ ಹೊರಡಿಸುವ ವಿಳಾಸಗಳನ್ನು ಮಾತ್ರ. ಡಿಎಂಎ ಬೇರೆ ದಾರಿಯಲ್ಲಿ ಹೋಗುತ್ತದೆ. ಚಿಕ್ಕ ಚಿಪ್‌ಗಳಲ್ಲಿ ಕಟ್ಟಿದ ಗೋಡೆಗಳೆಲ್ಲ ಕುಸಿಯುವುದು ಇಲ್ಲಿ: ನಂಬಲಾಗದ ಟಾಸ್ಕ್‌ಗೆ ಒಂದು ಡಿಎಂಎ ಚಾನೆಲ್ ಸಿಕ್ಕರೆ ಕೀಲಿ ಇರುವ ಬಫರ್ ಅನ್ನು ನಕಲು ಮಾಡಿಕೊಂಡು ಹೋಗಬಹುದು. ಆರ್‌ಪಿ2350 ಇದಕ್ಕೆ ಎರಡು ಉತ್ತರ ಇಟ್ಟಿದೆ. ಪ್ರತಿ ಚಾನೆಲ್‌ಗೂ ಅದರದೇ ಭದ್ರತಾ ಮಟ್ಟ. ಡಿಎಂಎಗೆ ಅದರದೇ 8 ಪ್ರದೇಶಗಳ ಎಂಪಿಯು. ಎಸ್‌ಎಯುನಲ್ಲಿ ಬರೆದ ಗಡಿಯನ್ನೇ ಇಲ್ಲೂ ಬರೆಯಬೇಕು, ತಾನಾಗಿ ನಕಲಾಗುವುದಿಲ್ಲ. ಎರಡು ಪಟ್ಟಿಗಳನ್ನೂ ಒಂದೇ ಟೇಬಲ್‌ನಿಂದ ತುಂಬುವ ಒಂದು ಫಂಕ್ಷನ್ ಬರೆದಿಟ್ಟುಕೊಳ್ಳುವುದು ಸುರಕ್ಷಿತ. ಅನುಕ್ರಮವೂ ಮುಖ್ಯ: ಚಾನೆಲ್‌ನ ನಿಯಂತ್ರಣ ರಿಜಿಸ್ಟರ್‌ಗೆ ಒಮ್ಮೆ ಬರೆದ ಕೂಡಲೇ ಅದರ ಭದ್ರತಾ ಮಟ್ಟ ತಾನೇ ಬೀಗ ಹಾಕಿಕೊಳ್ಳುತ್ತದೆ. ಪಿಕೋದ ಎಸ್‌ಡಿಕೆ (ಪ್ರೋಗ್ರಾಂ ಬರೆಯಲು ಬಳಸುವ ಲೈಬ್ರರಿಗಳ ಕಟ್ಟು) ಕೊಡುವ ಸಿದ್ಧತಾ ಫಂಕ್ಷನ್ ಚಾನೆಲ್ ಮುಟ್ಟುವ ಮೊದಲೇ ಮಟ್ಟ ನಿಗದಿಯಾಗಿರಬೇಕು.

ರ‍್ಯಾಮಿನ ಬ್ಯಾಂಕ್‌ಗಳಿಗೂ ಬಸ್ ಕಾವಲಿದೆ, ಆದರೆ ಅದನ್ನು ಅತಿಯಾಗಿ ನಂಬಬೇಡಿ. 64 ಕೆಬಿಯ ಎಂಟು ಬ್ಯಾಂಕ್‌ಗಳನ್ನು ನಾಲ್ಕುನಾಲ್ಕಾಗಿ 4 ಬೈಟ್‌ನ ಪದದಿಂದ ಪದಕ್ಕೆ ಹೆಣೆದಿದ್ದಾರೆ, ವೇಗಕ್ಕಾಗಿ. ಒಂದು ಬ್ಯಾಂಕ್ ಮುಚ್ಚಿದರೆ ಪ್ರತಿ ನಾಲ್ಕನೇ ಪದ ಮುಚ್ಚಿಹೋಗುತ್ತದೆ. ಹಾಗಾಗಿ ಇಲ್ಲಿ ಗಡಿ ಎಳೆಯುವುದೇ ಆದರೆ 256 ಕೆಬಿಯ ಎರಡು ಹೋಳು ಮಾತ್ರ. ಹೆಣೆಯದೆ ಉಳಿದ 4 ಕೆಬಿಯ ಎರಡು ಬ್ಯಾಂಕ್‌ಗಳು, ಹೆಕ್ಸ್ 20080000 ಮತ್ತು 20081000, ಕೀಲಿಗಳಿಗೆ ಮತ್ತು ಸೆಕ್ಯೂರ್ ಸ್ಟ್ಯಾಕ್‌ಗೆ ಹೇಳಿಮಾಡಿಸಿದಂತಿವೆ.

ಅದೇ ಚಿಪ್‌ನಲ್ಲಿ ಹಜಾರ್ಡ್3 ಎಂಬ ಎರಡು ರಿಸ್ಕ್-ಫೈವ್ ಕೋರ್‌ಗಳೂ ಇವೆ, ಬೂಟ್ ಆಗುವಾಗ ಆರಿಸಿಕೊಳ್ಳಬಹುದು. ಎಂಪಿಯುವಿನ ಕೆಲಸ ಮಾಡುವ ಅವುಗಳ ಪಿಎಂಪಿಯಲ್ಲಿ ನಾವು ಬರೆಯಬಹುದಾದ 8 ಪ್ರದೇಶಗಳಿವೆ. ಇಲ್ಲಿ ಚಿಪ್‌ನ ದೋಷಗಳ ಪಟ್ಟಿಯ ಇ6 ಎಂಬ ದೋಷ ಕಾದು ಕೂತಿದೆ: ಓದು, ಬರೆ, ನಡೆಸು ಎಂಬ ಮೂರು ಅನುಮತಿ ಬಿಟ್‌ಗಳ ಅನುಕ್ರಮ ತಿರುಗುಮುರುಗಾಗಿದೆ. ನಡುವಿನ ಬಿಟ್ ಅಲ್ಲೇ ಇರುವುದರಿಂದ ಓದು-ನಡೆಸು ಎಂದು ಕೊಟ್ಟ ಕೋಡ್ ಪ್ರದೇಶ, ಮೂರೂ ಕೊಟ್ಟ ಪ್ರದೇಶ ಎರಡೂ ಸರಿಯಾಗಿಯೇ ನಡೆಯುತ್ತವೆ. ಓದು-ಬರೆ ಎಂದು ಕೊಟ್ಟ ಡೇಟಾ ಪ್ರದೇಶ ಮಾತ್ರ ಬರೆ-ನಡೆಸು ಆಗುತ್ತದೆ, ಓದಿದರೆ ಫಾಲ್ಟ್. ಬೇರೆಡೆಯಿಂದ ತಂದ ಪಿಎಂಪಿ ಕೋಡ್ ಅರ್ಧ ಮಾತ್ರ ಕೆಲಸ ಮಾಡಿದರೆ ಕಾರಣ ಇದೇ.

ದೋಷಗಳ ಪಟ್ಟಿಯಲ್ಲಿ ಪ್ರತ್ಯೇಕತೆಗೆ ನೇರ ಪೆಟ್ಟು ಕೊಡುವುದು ಇ3. ಪಿಕೋ 2ರಲ್ಲಿರುವ 60 ಕಾಲಿನ ಚಿಪ್‌ನ ಮೊದಲು ಮಾರಾಟಕ್ಕೆ ಬಂದ ಎ2 ಆವೃತ್ತಿಯಲ್ಲಿ, ನಾನ್‌ಸೆಕ್ಯೂರ್ ಬದಿಗೆ ಬಿಟ್ಟುಕೊಟ್ಟ ಪಿನ್‌ಗಳ ಪಟ್ಟಿ ಪ್ಯಾಡ್ (ಪಿನ್‌ನ ವಿದ್ಯುತ್ ಗುಣ ನಿಗದಿಪಡಿಸುವ) ರಿಜಿಸ್ಟರ್‌ಗಳಿಗೆ ತಪ್ಪಾಗಿ ಜೋಡಣೆಯಾಗಿದೆ. ಒಂದು ಪಿನ್ ಬಿಟ್ಟುಕೊಟ್ಟರೆ ಬೇರೊಂದರ ಪ್ಯಾಡ್ ತೆರೆಯುತ್ತದೆ. ಪರಿಹಾರ ಸರಳ: ಪ್ಯಾಡ್ ಬ್ಯಾಂಕ್‌ಗೆ ನಾನ್‌ಸೆಕ್ಯೂರ್ ಪ್ರವೇಶವನ್ನೇ ಪೂರ್ತಿ ಮುಚ್ಚಿ, ಬೇಕಾದ ಬದಲಾವಣೆಗೆ ಸೆಕ್ಯೂರ್ ಬದಿಯಲ್ಲಿ ಒಂದು ಚಿಕ್ಕ ಫಂಕ್ಷನ್ ಕೊಡಿ.

ಭೌತಿಕ ದಾಳಿಯ ಮಾತು ಬೇರೆ. ಚಿಪ್‌ನ ಭದ್ರತೆ ಮುರಿದು ಒಟಿಪಿಯ (ಒಮ್ಮೆ ಮಾತ್ರ ಬರೆಯಬಹುದಾದ ಮೆಮೊರಿಯ) ಗುಟ್ಟನ್ನು ಹೊರತೆಗೆಯಿರಿ ಎಂದು ರಾಸ್ಪ್‌ಬೆರಿ ಪೈ ತಾನೇ ಸ್ಪರ್ಧೆ ಇಟ್ಟು, ಬಹುಮಾನವನ್ನು 20,000 ಡಾಲರ್‌ಗೆ ಏರಿಸಿತ್ತು. 2025ರ ಜನವರಿಯಲ್ಲಿ ಫಲಿತಾಂಶ ಬಂದಾಗ ಒಂದಕ್ಕಿಂತ ಹೆಚ್ಚು ದಾರಿಗಳು ಬಯಲಾದವು. ಒಟಿಪಿಯ ವಿದ್ಯುತ್ತನ್ನು ಸರಿಯಾದ ಕ್ಷಣದಲ್ಲಿ ಅಲುಗಿಸಿ, ಮುಚ್ಚಿಟ್ಟ ರಿಸ್ಕ್-ಫೈವ್ ಕೋರ್‌ಗಳನ್ನು ಎಬ್ಬಿಸಿದ್ದು ಅವುಗಳಲ್ಲೊಂದು. ಅದೇ ವರ್ಷ ಬಂದ ಚಿಪ್‌ನ ಎ4 ಆವೃತ್ತಿ ಇಂಥ ಹಲವು ದಾರಿಗಳನ್ನು ಮುಚ್ಚಿತು, ಪುಲ್‌ಡೌನ್ ಪಿನ್‌ಗಳು ಸುಮಾರು 2.2 ವೋಲ್ಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದ್ದ ಇ9 ದೋಷವನ್ನೂ ಸರಿಪಡಿಸಿತು. ಎ2 ಇದ್ದವರು ಅಂಥ ಪಿನ್‌ಗಳಿಗೆ ಹೊರಗಿನಿಂದ 8.2 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆಯ ರೆಸಿಸ್ಟರ್ ಹಾಕಬೇಕು.

ತಂತ್ರಾಂಶದ ಬೆಂಬಲದಲ್ಲಿ ಅಂಕ ಕಡಿಮೆ. ಪಿಕೋ ಎಸ್‌ಡಿಕೆಯ ಸಾಮಾನ್ಯ ಪ್ರೋಗ್ರಾಂ ಇಡಿಯಾಗಿ ಸೆಕ್ಯೂರ್, ಪ್ರಿವಿಲೇಜ್ ಮಟ್ಟದಲ್ಲೇ ಓಡುತ್ತದೆ; ಸ್ಟ್ಯಾಕ್ ಕಾವಲು ಕೂಡ ಆಯ್ಕೆ ಹಾಕಿದರೆ ಮಾತ್ರ. ಟಾಸ್ಕ್‌ಗಳ ನಡುವೆ ಗೋಡೆ ಬೇಕಿದ್ದವರಿಗೆ ಚಿಕ್ಕ ಚಿಪ್‌ಗಳ ಆಪರೇಟಿಂಗ್ ಸಿಸ್ಟಂಗಳಾದ ಫ್ರೀಆರ್‌ಟಿಒಎಸ್‌ನ ಎಂ33 ಆವೃತ್ತಿ ಅಥವಾ ಝೆಫಿರ್‌ನ ಯೂಸರ್‌ಸ್ಪೇಸ್ ಆಯ್ಕೆ ಸೂಕ್ತ. ಆದರೂ ಆಕ್ಸೆಸ್ ಕಂಟ್ರೋಲ್ ಮತ್ತು ಡಿಎಂಎಯ ಪಟ್ಟಿಗಳು ಉತ್ಪನ್ನಕ್ಕೆ ತಕ್ಕಂತೆ ಬದಲಾಗುವಂಥವು, ಅವನ್ನು ನೀವೇ ತುಂಬಬೇಕೆಂದು ಲೆಕ್ಕ ಹಾಕಿಕೊಳ್ಳಿ.

ಹೋಲಿಕೆಗೆ, ಎಸ್‌ಟಿಎಂ32 ಎಲ್5 ರ‍್ಯಾಮನ್ನು ಬಸ್ ಮೇಲೆ 256 ಬೈಟ್‌ನ ಬ್ಲಾಕ್‌ಗಳಾಗಿ ಹಂಚುತ್ತದೆ, ನಾರ್ಡಿಕ್‌ನ ಎನ್‌ಆರ್‌ಎಫ್5340 ರ‍್ಯಾಮನ್ನು 8 ಕೆಬಿಯಂತೆ. ರ‍್ಯಾಮಿನ ಬಸ್ ಕಾವಲಿನಲ್ಲಿ ಎರಡೂ ಪಿಕೋ 2ಕ್ಕಿಂತ ಸೂಕ್ಷ್ಮ. ಡಿಎಂಎಗೆ ಪ್ರತ್ಯೇಕ ಎಂಪಿಯು, ಕೋರ್‌ವಾರು ಪೆರಿಫೆರಲ್ ಹಂಚಿಕೆ ಇವುಗಳಲ್ಲಿ ಪಿಕೋ 2 ಮುಂದು. ಕಲಿಯುವವರು, ಪ್ರಯೋಗಾಲಯ ನಡೆಸುವ ಕಾಲೇಜುಗಳು ಕಣ್ಣುಮುಚ್ಚಿ ಕೊಳ್ಳಬಹುದು. ಜೊತೆಗೆ ಡೀಬಗ್ ಪ್ರೋಬ್ ಇರಲಿ, ಇಲ್ಲವೇ ಇನ್ನೊಂದು ಪಿಕೋಗೆ ಪ್ರೋಬ್‌ನ ಫರ್ಮ್‌ವೇರ್ ತುಂಬಿಕೊಳ್ಳಿ, ಏಕೆಂದರೆ ಫಾಲ್ಟ್ ರಿಜಿಸ್ಟರ್ ನೋಡದೆ ಈ ಕೆಲಸ ಸಾಗದು. ಉತ್ಪನ್ನಕ್ಕೆ ಬಳಸುವವರು ಪಿಕೋಟೂಲ್‌ನ ಇನ್ಫೋ ಕಮಾಂಡ್ ಓಡಿಸಿ ಎ4 ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಒಟಿಪಿಗೆ ಕೈಹಾಕಲಿ. ಅಲ್ಲಿ ಸುಟ್ಟ ಬಿಟ್ ಮತ್ತೆ ಹಿಂದಕ್ಕೆ ಬರುವುದಿಲ್ಲ.